ದರ್ಪಣವೊಂದೇ ಸಾಲದು

ಹೋಟೆಲಿನ ಪಾಳಿ ಮುಗಿಸಿ, ಕಚೇರಿಯ ಲೆಕ್ಕ ಮುಚ್ಚಿ, ಅಮಾವಾಸ್ಯೆಯ ಸಮೀಪದ ಶನಿವಾರ ಲೋಕಲ್ ಹಿಡಿದು ವಾಂಗಣಿಗೆ ಹೊರಡುವ ತರುಣರನ್ನು ಕಂಡಾಗ ನಮಗೆ ಸಂತೋಷವಾಗುತ್ತದೆ. ಮುಂಬಯಿಯ ದೀಪಗಳು ನುಂಗಿದ ನಕ್ಷತ್ರಗಳು ಅಲ್ಲಿ ಮತ್ತೆ ಕಾಣುತ್ತವೆ. ಖಗೋಳ ಮಂಡಲದಂತಹ ಸಂಸ್ಥೆಗಳು ಅಲ್ಲಿ ಆಕಾಶವೀಕ್ಷಣೆ ಏರ್ಪಡಿಸುತ್ತ ಬಂದಿವೆ. ಆದರೆ ಆಕಾಶದ ಛಾಯಾಚಿತ್ರಕ್ಕಾಗಿ ಈ ತರುಣರು ಹಣ ವ್ಯಯಿಸುವ ರೀತಿಯ ಕುರಿತು ಎರಡು ಮಾತು ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ದೊಡ್ಡ ದರ್ಪಣದ ದೂರದರ್ಶಕ ಕೈಗೆಟಕುವ ಬೆಲೆಗೆ ದೊರೆಯಿತೆಂದು ತಿಂಗಳುಗಳ ಉಳಿತಾಯವನ್ನೆಲ್ಲ ಅದಕ್ಕೇ ಸುರಿಯುವವರುಂಟು. ಚಿತ್ರ ತೆಗೆದಾಗ ನಡುವಿನ ನಕ್ಷತ್ರಗಳು ಚುಕ್ಕಿಗಳಾಗಿದ್ದು, ಅಂಚಿನವು ಬಾಲ ಬಿಟ್ಟ ಧೂಮಕೇತುಗಳಂತಾಗುತ್ತವೆ. ಇದು ಅಂಗಡಿಯವನ ವಂಚನೆಯಲ್ಲ. ಪರವಲಯ ದರ್ಪಣದ ಸ್ವಭಾವವೇ ಹಾಗೆ. ಈ ದೋಷಕ್ಕೆ ಕೋಮಾ ಎಂದು ಹೆಸರು. ಸಂಗಮದೂರವು ದರ್ಪಣದ ವ್ಯಾಸದ 8 ಪಟ್ಟು ಇರುವ ಎಫ್/8 ದೂರದರ್ಶಕದಲ್ಲಿ ಅದು ಅಲ್ಪ. 4 ಪಟ್ಟು ಇರುವ ಎಫ್/4ರಲ್ಲಿ ಚಿತ್ರವೇನೋ ಕಾಲುಭಾಗ ಹೊತ್ತಿನಲ್ಲೇ ಮೂಡುತ್ತದೆ. ಆದರೆ ನಡುವಿನಿಂದ ಅಷ್ಟೇ ದೂರದಲ್ಲಿ ಬಾಲ 4 ಪಟ್ಟು ಉದ್ದವಾಗುತ್ತದೆ. ವೇಗಕ್ಕೆ ತೆರಬೇಕಾದ ಸುಂಕವಿದು.

ಈ ಸುಂಕದಿಂದ ದೊಡ್ಡವರಿಗೂ ವಿನಾಯಿತಿಯಿಲ್ಲ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ಕಾವಲೂರು ವೀಕ್ಷಣಾಲಯದಲ್ಲಿ 1986ರಲ್ಲಿ ವೈನು ಬಾಪ್ಪು ಅವರ ಹೆಸರಿಟ್ಟ 2.34 ಮೀಟರಿನ ದೂರದರ್ಶಕವಿದೆ. ಅದರ ಪ್ರಧಾನ ಸಂಗಮ ಎಫ್/3.25. ಅಲ್ಲಿಯೂ ವಿಸ್ತಾರವಾದ ಚಿತ್ರಕ್ಕೆ ತಿದ್ದುಮಸೂರಗಳೇ ಆಶ್ರಯ. ಆದುದರಿಂದ ತಿದ್ದುಮಸೂರವನ್ನು ಅಲಂಕಾರವೆಂದು ಬಗೆಯದೆ, ದರ್ಪಣದ ಬೆಲೆಯೊಡನೆ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಎರಡಕ್ಕೂ ಹಣ ಸಾಲದಿದ್ದರೆ ಚಿಕ್ಕ ದರ್ಪಣ ಕೊಳ್ಳುವುದೇ ಲೇಸು. ಬರಿಗಣ್ಣಿಟ್ಟು ನೋಡುವುದಷ್ಟೇ ಉದ್ದೇಶವಾದರೆ ಇದಕ್ಕೆ ಅವಸರವಿಲ್ಲ.

ಆಯ್ಕೆಯಲ್ಲಿಯೂ ವಿವೇಕ ಬೇಕು. ಎರಡು ಮಸೂರಗಳ ಸರಳ ತಿದ್ದುಗ ಅಗ್ಗ. ಆದರೆ ಎಫ್/4ರಷ್ಟು ವೇಗದಲ್ಲಿ ಅದು ಅಂಚನ್ನು ತಿದ್ದುತ್ತ ನಡುವಿನ ಚುಕ್ಕಿಯನ್ನು ತುಸು ಮಸುಕುಗೊಳಿಸುವುದುಂಟು. ನಾಲ್ಕು ಮಸೂರಗಳದ್ದು ಸಾಮಾನ್ಯವಾಗಿ ಎರಡನ್ನೂ ಕಾಯುತ್ತದೆ, ಬೆಲೆ ಹೆಚ್ಚು. ಕೆಲವು ಸಂಗಮದೂರವನ್ನೇ ಬದಲಿಸುತ್ತವೆ: 1.15 ಪಟ್ಟು ಹಿಗ್ಗಿಸುವ ತಿದ್ದುಗದಿಂದ ಎಫ್/4 ಎಫ್/4.6 ಆಗಿ, ಚಿತ್ರಕ್ಕೆ ಸುಮಾರು ಮೂರನೆಯ ಒಂದು ಭಾಗ ಹೆಚ್ಚು ಹೊತ್ತು ಬೇಕಾಗುತ್ತದೆ. ಕೊಳ್ಳುವ ಮುನ್ನ ಅದು ನಮ್ಮ ಎಫ್ ಸಂಖ್ಯೆಗೆ ಹೊಂದುವುದೇ, ಕ್ಯಾಮೆರಾದ ಸೆನ್ಸರನ್ನು ಪೂರ್ತಿ ಆವರಿಸುವುದೇ, ಸೆನ್ಸರಿನಿಂದ ಎಷ್ಟು ದೂರದಲ್ಲಿರಬೇಕು ಎಂದು ಕೇಳಲೇಬೇಕು. ಈ ದೂರ ಅನೇಕ ತಿದ್ದುಗಗಳಲ್ಲಿ 55 ಮಿಲಿಮೀಟರ್. ಕೆಲವೇ ಮಿಲಿಮೀಟರ್ ತಪ್ಪಿದರೂ ಬಾಲ ಮತ್ತೆ ಕಾಣಿಸಿಕೊಳ್ಳುತ್ತದೆ. ದರ್ಪಣಗಳ ಜೋಡಣೆಯೇ ಓರೆಯಾಗಿದ್ದರೆ ಯಾವ ತಿದ್ದುಗವೂ ಅದನ್ನು ನೇರ ಮಾಡದು.

ಒಂದೇ ಕೋಣೆಯಲ್ಲಿ ಬಾಡಿಗೆ ಹಂಚಿಕೊಂಡು ಬಾಳುವುದನ್ನು ಈ ನಗರ ನಮ್ಮವರಿಗೆ ಕಲಿಸಿದೆ. ಅದೇ ರೀತಿ ನಾಲ್ವರು ಕೂಡಿ ಒಳ್ಳೆಯ ತಿದ್ದುಗವೊಂದನ್ನು ಏಕೆ ಕೊಳ್ಳಬಾರದು? ಎಫ್ ಸಂಖ್ಯೆ ಸಮೀಪವಾಗಿರುವ ದೂರದರ್ಶಕಗಳಿಗೆಲ್ಲ ಅದು ಒದಗೀತು. ಮಳೆಗಾಲದ ನಾಲ್ಕು ತಿಂಗಳು ಅದನ್ನು ತೇವ ಹೀರುವ ಪುಡಿಯ ಪೊಟ್ಟಣದೊಡನೆ ಡಬ್ಬಿಯಲ್ಲಿ ಭದ್ರವಾಗಿಡಬೇಕು; ಇಲ್ಲವಾದರೆ ನಮ್ಮ ಕರಾವಳಿಯ ಹವೆ ಮಸೂರಕ್ಕೆ ಬೂಷ್ಟು ಹಿಡಿಸುತ್ತದೆ. ದುಡಿದು ಉಳಿಸಿದ ಹಣ ಅಂಚಿನ ನಕ್ಷತ್ರವನ್ನೂ ನಡುವಿನದರಂತೆ ದುಂಡಗೆ ತೋರಿಸಿದಾಗಲೇ ಸಾರ್ಥಕವೆಂಬುದು ನಮ್ಮ ಅಭಿಪ್ರಾಯ.