ಮಕ್ಕಳಿಗಿಂತ ಮೊದಲು ಪಾಲಕರಿಗೆ ಪಾಠ ಬೇಕು
ವಿಜಯಪುರ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ



ನಮ್ಮ ಶಾಲೆಗಳಲ್ಲಿ ಮಕ್ಕಳಿಗೆ ‘ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ’ ಯಾವುದೆಂದು ಹೇಳಿಕೊಡುತ್ತಾರೆ, ಗೋಡೆಯ ಮೇಲೆ ಮಕ್ಕಳ ಸಹಾಯವಾಣಿ 1098 ಎಂದು ಬರೆಸುತ್ತಾರೆ. ಬೇಕಾದದ್ದೇ. ಆದರೆ ಆ ಪಾಠ ಉಪಯೋಗಕ್ಕೆ ಬರುವುದು ಕೈ ಮೈಮೇಲೆ ಬಿದ್ದ ಮೇಲೆ. ಅದಕ್ಕೂ ಮುಂಚೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಮಗುವನ್ನು ಪುಸಲಾಯಿಸಿ ಪಳಗಿಸಿಕೊಳ್ಳುವ ಕೆಲಸ ನಡೆದಿರುತ್ತದೆ. ತಜ್ಞರು ‘ಗ್ರೂಮಿಂಗ್’ ಎನ್ನುವುದು ಇದನ್ನೇ. ಮಗುವಿಗೆ ಅದು ಪ್ರೀತಿಯಂತೆಯೇ ಕಾಣುತ್ತದೆ. ಅದನ್ನು ಗುರುತಿಸಬಲ್ಲವರು ಮನೆಯ ದೊಡ್ಡವರು, ಮತ್ತು ಅವರಿಗೆ ಇದನ್ನು ತಿಳಿಸುವ ವ್ಯವಸ್ಥೆ ಇಲ್ಲ. ತನ್ನನ್ನು ತಾನೇ ಕಾಯ್ದುಕೊಳ್ಳುವ ಹೊಣೆಯನ್ನು ಹತ್ತು ವರ್ಷದ ಕೂಸಿನ ಹೆಗಲಿಗೆ ಹೊರಿಸಿ ನಾವು ನಿಶ್ಚಿಂತೆಯಿಂದ ಕೂತಿದ್ದೇವೆ.

ಅಪಾಯ ಎಲ್ಲಿಂದ ಬರುತ್ತದೆ ಎಂಬುದು ಗುಟ್ಟೇನಲ್ಲ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಹೊರತಂದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಲಾಗಿತ್ತು. ಅವರಲ್ಲಿ ಶೇ 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದೇವೆ ಎಂದರು. ಅದರಲ್ಲಿ ಗಂಡುಮಕ್ಕಳ ಪಾಲು ಅರ್ಧಕ್ಕಿಂತ ಕಡಿಮೆ ಇರಲಿಲ್ಲ. ದೌರ್ಜನ್ಯ ಎಸಗಿದವರಲ್ಲಿ ಅರ್ಧದಷ್ಟು ಜನ ಮಗುವಿಗೆ ಪರಿಚಿತರು ಅಥವಾ ಅದರ ಹೊಣೆ ಹೊತ್ತವರು. ಹೆಚ್ಚಿನ ಮಕ್ಕಳು ಅದನ್ನು ಯಾರಿಗೂ ಹೇಳಿಯೇ ಇರಲಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿ ತೆಗೆದರೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ಅಡಿಯ ಅತ್ಯಾಚಾರ ಪ್ರಕರಣಗಳಲ್ಲಿ ಶೇ 90ಕ್ಕೂ ಹೆಚ್ಚು ಆರೋಪಿಗಳು ಪರಿಚಿತರೇ. ಹದಿಹರೆಯದವರ ಪ್ರೇಮಪ್ರಕರಣಗಳೂ ಅದರಲ್ಲಿ ಸೇರಿವೆ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ, ಸೇರಿವೆ. ಅವನ್ನು ಕಳೆದರೂ ಬಂಧು, ನೆರೆಯವರು, ಕೆಲಸ ಕೊಟ್ಟವರ ಪಾಲು ಸಣ್ಣದಾಗಿ ಉಳಿಯುವುದಿಲ್ಲ. ಸಂತೆಯಲ್ಲಿ ಕಾಣುವ ಅಪರಿಚಿತನ ಬಗ್ಗೆ ನಾವು ಮಕ್ಕಳಿಗೆ ತುಂಬುವ ಹೆದರಿಕೆ ಬಹುಮಟ್ಟಿಗೆ ತಪ್ಪು ವಿಳಾಸಕ್ಕೆ ಹೋಗುತ್ತಿದೆ.

ದೌರ್ಜನ್ಯ ಎಸಗುವ ಪರಿಚಿತ ಮೊದಲು ಗೆಲ್ಲುವುದು ಮಗುವನ್ನಲ್ಲ, ಮನೆಯನ್ನು. ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯ ಲ್ಯಾರಿ ನಾಸರ್ ಚಿಕಿತ್ಸೆಯ ನೆಪದಲ್ಲಿ ಬಾಲಕಿಯರ ಮೇಲೆ ದೌರ್ಜನ್ಯ ಎಸಗಿದಾಗ ಎಷ್ಟೋ ಸಲ ಪಾಲಕರು ಅದೇ ಕೋಣೆಯಲ್ಲಿದ್ದರು. ಆ ದೌರ್ಜನ್ಯಕ್ಕೆ ಅವನಿಗೆ ಶಿಕ್ಷೆಯಾಗಲು 2018 ಬರಬೇಕಾಯಿತು. ಆ ಪಾಲಕರು ದಡ್ಡರಲ್ಲ, ವಿಶ್ವಾಸ ಇಟ್ಟವರು. ನಮ್ಮ ಜಿಲ್ಲೆಯಲ್ಲಿ ವಿಶ್ವಾಸ ಇಡದೆ ಬದುಕುವುದೇ ಆಗದಂತಹ ಮನೆಗಳು ಸಾಕಷ್ಟಿವೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆಯಿಂದ ಗೋವಾಕ್ಕೆ, ಪುಣೆಗೆ, ಮುಂಬೈಗೆ, ಬೆಂಗಳೂರಿಗೆ ದುಡಿಯಲು ಗುಳೆ ಹೋಗುವವರು ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗುತ್ತಾರೆ. ನವೋದಯ, ಸೈನಿಕ, ಮೊರಾರ್ಜಿ, ಕಿತ್ತೂರು ವಸತಿ ಶಾಲೆಗಳ ಪ್ರವೇಶ ಪರೀಕ್ಷೆಗೆಂದು ಒಂಬತ್ತು-ಹತ್ತು ವರ್ಷದ ಮಕ್ಕಳನ್ನು ಕೋಚಿಂಗ್ ಕೇಂದ್ರಗಳಲ್ಲಿ ವಸತಿಗೂ ಬಿಡುತ್ತಾರೆ. ಫೀಸು ಕಡಿಮೆ ಮಾಡುವ, ಬೈಕ್ ಮೇಲೆ ಮನೆಗೆ ಬಿಡುವ, ಮೊಬೈಲ್‌ಗೆ ರೀಚಾರ್ಜ್ ಹಾಕಿಸುವ, ಅಜ್ಜಿಯನ್ನು ದವಾಖಾನೆಗೆ ಕರೆದೊಯ್ಯುವ ಒಬ್ಬ ಸರ್ ಅಥವಾ ಕಾಕಾ ಅಂಥ ಮನೆಗೆ ದೇವರಂತೆ ಕಾಣುತ್ತಾನೆ. ನೂರರಲ್ಲಿ ತೊಂಬತ್ತೊಂಬತ್ತು ಜನ ನಿಜವಾಗಿಯೂ ಒಳ್ಳೆಯವರೇ ಇರಬಹುದು. ಉಳಿದ ಒಬ್ಬನೂ ಮಾಡುವುದು ಇದೇ ಉಪಕಾರಗಳನ್ನೇ, ತೊಡಕಿರುವುದೂ ಇಲ್ಲೇ.

ಆದ್ದರಿಂದ ‘ಆ ಮನುಷ್ಯ ಎಂಥವನು’ ಎಂದು ಚಾರಿತ್ರ್ಯ ಅಳೆಯುವುದರಿಂದ ಉಪಯೋಗವಿಲ್ಲ. ಅವನ ನಡೆ ಎತ್ತ ಸಾಗುತ್ತಿದೆ ಎಂದು ನೋಡಬೇಕು. ಇಪ್ಪತ್ತು ಮಕ್ಕಳಿರುವಲ್ಲಿ ಒಂದೇ ಮಗುವಿಗೆ ಉಡುಗೊರೆ, ಒಂದೇ ಮಗುವಿಗೆ ರಾತ್ರಿ ಹತ್ತರ ಮೇಲೆ ವಾಟ್ಸ್‌ಆ್ಯಪ್ ಸಂದೇಶ. ಉಳಿದವರು ಹೋದ ಮೇಲೆ ‘ಇವನಿಗೆ ಗಣಿತ ಸ್ವಲ್ಪ ಕಡಿಮೆ, ಇರಲಿ’ ಎಂದು ಅದೊಂದನ್ನೇ ಉಳಿಸಿಕೊಳ್ಳುವುದು. ಎಲ್ಲರೆದುರು ಕಚಗುಳಿ ಇಟ್ಟು, ತೊಡೆಯ ಮೇಲೆ ಕೂರಿಸಿಕೊಂಡು, ಯಾರಾದರೂ ಏನಾದರೂ ಅನ್ನುತ್ತಾರೆಯೇ ಎಂದು ನೋಡುವುದು. ‘ನಿಮ್ಮ ಅಪ್ಪಗ ನೀ ಅರ್ಥ ಆಗೂದಿಲ್ಲ’ ಎಂದು ಮಗು ಮತ್ತು ಮನೆಯ ನಡುವೆ ಬಿರುಕು ಮೂಡಿಸುವುದು. ಹೊಲಸು ಜೋಕು, ಹೊಲಸು ವಿಡಿಯೊ ತೋರಿಸಿ ನಾಚಿಕೆ ಕಳೆಯುವುದು. ಇವೆಲ್ಲದರ ಕೊನೆಯಲ್ಲಿ ಬರುವ ಮಾತು, ‘ಇದು ನಮ್ಮಿಬ್ಬರಲ್ಲೇ ಇರಲಿ.’ ಮಗುವಿನ ಜೊತೆ ದೊಡ್ಡವರು ಮನೆಗೆ ಮುಚ್ಚಿಡುವಂಥ ಗುಟ್ಟು ಇಟ್ಟುಕೊಳ್ಳಲು ಒಂದೇ ಒಂದು ಒಳ್ಳೆಯ ಕಾರಣವೂ ನನಗೆ ಹೊಳೆಯುವುದಿಲ್ಲ.

ಅನುಮಾನ ಬಂದಲ್ಲಿ ಪಾಲಕರು ಮಾಡಬಹುದಾದ ಸುಲಭದ ಪರೀಕ್ಷೆಯೆಂದರೆ ಒಂದು ಸಣ್ಣ ಗೆರೆ ಎಳೆದು ನೋಡುವುದು. ‘ಸರ್, ಇನ್ನು ಮುಂದೆ ಟ್ಯೂಷನ್ ಪಡಸಾಲೆಯಲ್ಲೇ ನಡೀಲಿ, ಸಂದೇಶ ನನ್ನ ನಂಬರಿಗೇ ಕಳಿಸ್ರಿ’ ಎನ್ನಲಿ. ನೇರ ಮನುಷ್ಯ ‘ಆಗಲಿ’ ಎಂದು ಮರುದಿನದಿಂದ ಹಾಗೇ ಮಾಡುತ್ತಾನೆ. ಬೇರೆ ಉದ್ದೇಶ ಇರುವವನು ಮುನಿಸಿಕೊಳ್ಳುತ್ತಾನೆ, ತನ್ನ ಉಪಕಾರ ನೆನಪಿಸುತ್ತಾನೆ, ಇಲ್ಲವೇ ನಕ್ಕು ಒಪ್ಪಿ ವಾರದೊಳಗೆ ಆ ಗೆರೆಯ ಸುತ್ತ ಬೇರೆ ದಾರಿ ಹುಡುಕುತ್ತಾನೆ. ಈ ಪರೀಕ್ಷೆ ತಪ್ಪಿತಸ್ಥನೆಂದು ಯಾರ ಹಣೆಗೂ ಪಟ್ಟಿ ಹಚ್ಚುವುದಿಲ್ಲ, ಯಾರ ಮಾನವನ್ನೂ ಕಳೆಯುವುದಿಲ್ಲ. ‘ಹೀಗೆಲ್ಲ ಹೇಳಿಕೊಟ್ಟರೆ ಮಾಸ್ತರರ ಮೇಲಿನ ಗೌರವ ಹಾಳಾಗುತ್ತದೆ, ಪ್ರೀತಿಯಿಂದ ಬೆನ್ನು ತಟ್ಟುವುದಕ್ಕೂ ಅವರು ಹೆದರುತ್ತಾರೆ’ ಎಂಬ ಮಾತಿಗೆ ನನ್ನ ಉತ್ತರವೂ ಇದೇ. ನಿಯಮ ಎಲ್ಲರಿಗೂ ಒಂದೇ ಎಂದು ಬರೆದಿಟ್ಟಾಗ ಒಳ್ಳೆಯ ಶಿಕ್ಷಕರೇ ಹೆಚ್ಚು ಸುರಕ್ಷಿತರು. ನಿಯಮವೇ ಇಲ್ಲದಲ್ಲಿ ಗಾಳಿಮಾತು ಯಾರನ್ನು ಬೇಕಾದರೂ ಸುಡಬಲ್ಲದು.

ಸುಳ್ಳು ದೂರಿನ ಭಯವನ್ನೂ ನಾನು ತಳ್ಳಿಹಾಕುವುದಿಲ್ಲ. ಕಾನೂನು ಅದನ್ನು ಮೊದಲೇ ಯೋಚಿಸಿದೆ. ಹಗೆ ಸಾಧಿಸಲು ಸುಳ್ಳು ದೂರು ಕೊಟ್ಟ ದೊಡ್ಡವರಿಗೆ ಪೋಕ್ಸೊ ಕಾಯ್ದೆಯ 22ನೇ ಕಲಮಿನಲ್ಲಿ ಶಿಕ್ಷೆ ಇದೆ, ಪ್ರಾಮಾಣಿಕವಾಗಿ ತಿಳಿಸಿದವರಿಗೆ 19ನೇ ಕಲಮಿನಲ್ಲಿ ರಕ್ಷಣೆ ಇದೆ. ಅದೇ 19ನೇ ಕಲಮು, ಅಪರಾಧ ನಡೆಯುವ ಆತಂಕ ಇದ್ದರೂ ಪೊಲೀಸರಿಗೆ ತಿಳಿಸಬೇಕು ಎನ್ನುತ್ತದೆ. ನಡೆದದ್ದನ್ನು ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು, ಮುಚ್ಚಿಟ್ಟವರು ಸಂಸ್ಥೆಯ ಮುಖ್ಯಸ್ಥರಾದರೆ ಒಂದು ವರ್ಷದವರೆಗೆ. ‘ಊರ ಹಿರಿಯರು ಕೂತು ಬಗೆಹರಿಸೋಣ’ ಎನ್ನುವವರಿಗೆ ಇದು ಗೊತ್ತಿದ್ದಂತಿಲ್ಲ. ಕೇಳುವವರು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2022ರ ಡಿಸೆಂಬರ್‌ನಲ್ಲಿ ಮಂಡ್ಯ ಜಿಲ್ಲೆಯ ಕಟ್ಟೇರಿಯಲ್ಲಿ ರಾಜ್ಯವೇ ನೋಡಿತು. ಕಿರುಕುಳದ ಆರೋಪ ಹೊತ್ತ ಮುಖ್ಯೋಪಾಧ್ಯಾಯನನ್ನು ವಿದ್ಯಾರ್ಥಿನಿಲಯದ ಹುಡುಗಿಯರೇ ದೊಣ್ಣೆ, ಪೊರಕೆ ಹಿಡಿದು ಥಳಿಸಿದರು. ಆ ಹುಡುಗಿಯರ ಧೈರ್ಯವನ್ನು ಹೊಗಳಿದೆವು. ಅವರ ಕೈಗೆ ದೊಣ್ಣೆ ಬರುವ ತನಕ ದೊಡ್ಡವರು ಎಲ್ಲಿದ್ದರು ಎಂದು ಹೆಚ್ಚು ಜನ ಕೇಳಲಿಲ್ಲ.

ದೊಡ್ಡವರು ಮೊದಲೇ ಗಮನಿಸಬಹುದಾದ ಲಕ್ಷಣಗಳು ಮಗುವಿನಲ್ಲೂ ಕಾಣುತ್ತವೆ: ಎಲ್ಲಿಂದ ಬಂತೆಂದು ಹೇಳದ ಹೊಸ ವಸ್ತು, ಯಾರಾದರೂ ಬಂದೊಡನೆ ಮುಚ್ಚಿಡುವ ಮೊಬೈಲ್, ಒಬ್ಬರ ಹೆಸರು ಬಂದರೆ ಸಿಟ್ಟು ಅಥವಾ ಮೌನ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಬರುವುದು. ಇವಕ್ಕೆ ಬೇರೆ ಕಾರಣವೂ ಇರಬಹುದು, ಒಂದರಿಂದಲೇ ತೀರ್ಮಾನಕ್ಕೆ ಬರಬಾರದು. ಮಗು ಏನಾದರೂ ಹೇಳಿದರೆ ಬೈಯದೆ, ಮತ್ತೆ ಮತ್ತೆ ಕೆದಕದೆ ಕೇಳಿಸಿಕೊಂಡು, ಸಂದೇಶಗಳನ್ನು ಅಳಿಸದೆ 1098ಕ್ಕೆ ಅಥವಾ ಠಾಣೆಗೆ ತಿಳಿಸಬೇಕು.

ತಮ್ಮಿಂದ ಬೇಡುವುದು ಹೊಸ ಯೋಜನೆಯನ್ನಲ್ಲ. ಪಾಲಕರನ್ನು ಸೇರಿಸುವ ‘ಸಮುದಾಯದತ್ತ ಶಾಲೆ’ ಇದೆ, ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ಇದೆ, ಸ್ವಸಹಾಯ ಸಂಘಗಳಿವೆ. ಅಂಕ, ಬಿಸಿಯೂಟ, ಸಮವಸ್ತ್ರದ ಜೊತೆಗೆ ಅರ್ಧ ಗಂಟೆ ಈ ಮಾತೂ ಅಲ್ಲಿ ನಡೆಯಲಿ. ಗಂಡಸರೂ ಅಜ್ಜಿಯರೂ ಕೂತು ಕೇಳುವಂತೆ, ನಮ್ಮ ಭಾಷೆಯಲ್ಲಿ. ಮಕ್ಕಳೊಡನೆ ನಿತ್ಯ ಒಡನಾಡುವ ಪ್ರತಿ ಸಂಸ್ಥೆಯ ಸಿಬ್ಬಂದಿಯನ್ನೂ ಕಾಲಕಾಲಕ್ಕೆ ಪೊಲೀಸ್ ಪರಿಶೀಲನೆಗೆ ಒಳಪಡಿಸಬೇಕು ಎಂದು 2020ರ ಪೋಕ್ಸೊ ನಿಯಮಗಳು ಹೇಳುತ್ತವೆ. ಜಿಲ್ಲೆಯ ಕೋಚಿಂಗ್ ಕೇಂದ್ರಗಳ, ಅವುಗಳ ವಸತಿಗೃಹಗಳ ಪಟ್ಟಿ ಮಾಡಿಸಿ, ಈ ಪರಿಶೀಲನೆ ಎಲ್ಲಿ ಆಗಿದೆ, ಎಲ್ಲಿ ಆಗಿಲ್ಲ ಎಂಬುದನ್ನು ಮುಂದಿನ ಪ್ರವೇಶಕ್ಕೆ ಮುಂಚೆ ಸಾರ್ವಜನಿಕವಾಗಿ ಪ್ರಕಟಿಸಿ.

ಇತಿ,
ಇಂಗಳೇಶ್ವರದ ಒಬ್ಬ ಪಾಲಕ
ಬಸವನಬಾಗೇವಾಡಿ ತಾಲ್ಲೂಕು