ಪುಕ್ಕಟೆ ವಿಜ್ಞಾನಕ್ಕೆ ನಮ್ಮ ಕೂಲಿ ಎಷ್ಟು?

ಉಚಿತ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ. ಎಸ್ಸೆಸ್ಸೆಲ್ಸಿ ಪಾಸಾದ ಮಕ್ಕಳಿಗೆ ಹದಿನೈದು ದಿನದ ಬೇಸಿಗೆ ವಿಜ್ಞಾನ ಶಿಬಿರ. ಊಟ ಉಚಿತ, ವಸತಿ ಉಚಿತ, ವಿಜ್ಞಾನಿಗಳ ದರ್ಶನವೂ ಉಚಿತ. ಕೊಡೋ ಕೈಯನ್ನ ಹೊಗಳದೆ ತಕರಾರು ತೆಗೀತಾನಲ್ಲ ಇವನು ಅಂತ ಕೆಲವರು ಮುಖ ಸಿಂಡರಿಸಬಹುದು. ಸಿಂಡರಿಸಲಿ.

ನಮ್ಮ ಕೇರಿಯ ಹುಡುಗಿಯೊಬ್ಬಳು ಆ ಅರ್ಜಿ ಹಿಡ್ಕೊಂಡು ನನ್ನ ಹತ್ರ ಬಂದಳು. ಕೇರಿಯಲ್ಲಿ ಡಿಗ್ರಿ ಮಾಡಿದವನು ನಾನೊಬ್ಬನೇ ಆದ್ದರಿಂದ ಸರ್ಕಾರದ ಸಕಲ ಕಾಗದಗಳಿಗೂ ನಾನೇ ಪುರೋಹಿತ. ಇಬ್ಬರೂ ಕೂತು ಓದಿದೆವು. ಜಾತಿ ಸರ್ಟಿಫಿಕೇಟು, ಆದಾಯ ಸರ್ಟಿಫಿಕೇಟು, ಅದರ ಆರ್.ಡಿ. ನಂಬರು. ನಾಡಕಚೇರಿಗೆ ಎರಡು ಸಲ ಅಲೆದರೆ ಎರಡು ದಿನದ ಕೂಲಿ ಹೋಯಿತು. ಮುಖ್ಯೋಪಾಧ್ಯಾಯರ ಶಿಫಾರಸು ಪತ್ರ ಬೇಕಂತೆ, ಅವರು ರಜೆಗೆ ಊರಿಗೆ ಹೋಗಿದ್ದಾರೆ. ಆಮೇಲೆ ಒಂದು ಕಾಲಂ: ನೀನು ಮಾಡಿದ ವೈಜ್ಞಾನಿಕ ಪ್ರಾಜೆಕ್ಟನ್ನು ಐದುನೂರು ಪದಗಳಲ್ಲಿ ಇಂಗ್ಲಿಷಿನಲ್ಲಿ ವಿವರಿಸು. ದ್ಯುತಿಸಂಶ್ಲೇಷಣೆಯನ್ನ ಕನ್ನಡದಲ್ಲಿ ಓದಿ, ಕನ್ನಡದಲ್ಲಿ ಬರೆದು ಪಾಸಾದವಳು ಅವಳು.

"ಅಣ್ಣ, ನಾನು ಯಾವ ಪ್ರಾಜೆಕ್ಟು ಮಾಡಿದೀನಿ? ಮಂಡೀಲಿ ಕಾಯಿ ಜೋಡಿಸಿದೀನಿ ಅಷ್ಟೇ" ಅಂದಳು.

ನಮ್ಮದು ಶ್ರೀನಿವಾಸಪುರದ ಕಡೆ. ಬೇಸಿಗೆ ಅಂದರೆ ನಮಗೆ ರಜೆ ಅಲ್ಲ, ಮಾವು. ಶಿಬಿರ ನಡೆಯೋ ಹದಿನೈದು ದಿನ ಅಂದರೆ ಆ ಮನೆಯಲ್ಲಿ ಹದಿನೈದು ದಿನದ ಒಂದಾಳಿನ ಕೂಲಿ, ಅಂದರೆ ಜೂನಿನಲ್ಲಿ ಕಾಲೇಜಿಗೆ ಕಟ್ಟಬೇಕಾದ ದುಡ್ಡು. ಅದನ್ನ ತುಂಬಿಕೊಡೋರು ಯಾರು? ಉಚಿತ ಅಂತ ಬರೆದವನ ಮನೆಯಲ್ಲಿ ಮಕ್ಕಳು ದುಡಿಯೋದಿಲ್ಲ, ಅದಕ್ಕೇ ಅವನಿಗೆ ಈ ಲೆಕ್ಕ ಬರೋದಿಲ್ಲ.

ಆದರೆ ಈ ಹುಡುಗಿಗೆ ಕಾರ್ಬೈಡು ಗೊತ್ತು. ತೇವ ತಾಕಿದರೆ ಅದರಿಂದ ಅನಿಲ ಏಳುತ್ತೆ, ಆ ಅನಿಲಕ್ಕೆ ಕಾಯಿ ಬಣ್ಣ ತಿರುಗುತ್ತೆ, ಬೆವತ ಕೈಗೆ ಪುಡಿ ತಗುಲಿದರೆ ಸುಡುತ್ತೆ ಅಂತ ಗೊತ್ತು. ಅದರ ಹೆಸರು ಅಸಿಟಿಲೀನ್ ಅಂತ ಮಾತ್ರ ಗೊತ್ತಿರಲಿಲ್ಲ. ಹಣ್ಣು ಮಾಗಿಸೋಕೆ ಕಾರ್ಬೈಡು ಬಳಸಬಾರದು ಅಂತ 2011ರ ಆಹಾರ ಸುರಕ್ಷತಾ ನಿಯಮಗಳಲ್ಲಿದೆ. ನಿಯಮ ಕಾಗದದಲ್ಲಿದೆ, ಪೊಟ್ಟಣ ಇವಳ ಕೈಯಲ್ಲಿತ್ತು. ಇದು ಪ್ರಾಜೆಕ್ಟು ಅಲ್ಲವಂತೆ.

ನನ್ನದೂ ಒಂದು ಕತೆ ಇದೆ. 2014ರಲ್ಲಿ ನಾನೂ ಇಂಥದ್ದೇ ಒಂದು ಶಿಬಿರಕ್ಕೆ ಅರ್ಜಿ ಹಾಕಿದ್ದೆ. ಹೆಸರು ಬೇಡ. ಪ್ರಾಜೆಕ್ಟು ಕಾಲಂನಲ್ಲಿ ಅಡುಗೆ ಸೋಡಾ, ವಿನೆಗರು ಹಾಕಿ ಜ್ವಾಲಾಮುಖಿ ಉಕ್ಕಿಸಿದೆ ಅಂತ ಬರೆದೆ. ಸುಳ್ಳು. ಗೈಡಿನಲ್ಲಿ ಇದ್ದದ್ದು. ವಿನೆಗರು ಅನ್ನೋದನ್ನ ನಾನು ಅವತ್ತಿನ ತನಕ ಕಣ್ಣಿಂದ ನೋಡಿರಲಿಲ್ಲ. ನೋಡಿದ್ದು ನನ್ನ ತಾತನ ಸುಣ್ಣದ ತೊಟ್ಟಿ. ತೊಗಲನ್ನ ಸುಣ್ಣದಲ್ಲಿ ನೆನೆಹಾಕಿದರೆ ಕೂದಲಿನ ಬೇರು ಸಡಿಲವಾಗುತ್ತೆ. ಆಮೇಲೆ ತಂಗಡಿ ಚಕ್ಕೆಯ ನೀರಿನಲ್ಲಿ ಹಾಕಿದರೆ ಚಕ್ಕೆಯಲ್ಲಿರೋ ಟ್ಯಾನಿನ್ನು ತೊಗಲಿನ ಪ್ರೋಟೀನನ್ನ ಕಚ್ಚಿಕೊಂಡು ಅದು ಕೊಳೀದ ಹಾಗೆ ತಡೆಯುತ್ತೆ. ಎಷ್ಟು ದಿನ, ಎಷ್ಟು ಚಕ್ಕೆ, ಯಾವಾಗ ಮಗುಚಬೇಕು ಎಲ್ಲ ತಾತನಿಗೆ ಮೂಗಿನಿಂದಲೇ ಗೊತ್ತಾಗ್ತಿತ್ತು. ಇದೇ ಕೆಲಸಕ್ಕೆ ಮದ್ರಾಸಿನಲ್ಲಿ 1948ರಲ್ಲಿ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಕಟ್ಟಿದರು. ಅಲ್ಲಿ ಅದು ರಸಾಯನಶಾಸ್ತ್ರ. ನಮ್ಮ ಕೇರಿಯಲ್ಲಿ ಅದು ಮೈಲಿಗೆ. ತಾತನ ಕಸುಬು ಉಳೀಬೇಕು ಅಂತ ನಾನು ಹೇಳ್ತಿಲ್ಲ. ಅವನ ಬೆರಳುಗಳನ್ನ ಸುಣ್ಣ ತಿಂದು ಹಾಕಿತ್ತು, ಅದು ಹೋಗಿದ್ದೇ ಒಳ್ಳೇದಾಯಿತು. ಆದರೆ ಅದನ್ನ ಬರೆಯೋಕೆ ನಾನು ನಾಚಿಕೊಂಡೆನಲ್ಲ, ಆ ನಾಚಿಕೆಯನ್ನ ನನಗೆ ಕಲಿಸಿದವರು ಯಾರು?

ಜ್ವಾಲಾಮುಖಿ ಅವರಿಗೆ ಮೆಚ್ಚುಗೆಯಾಯಿತು. ಕರೆ ಬಂತು. ಜೊತೆಗೆ, ವಾಪಸು ಕೊಡಲಾಗುವ ಠೇವಣಿ ಎರಡು ಸಾವಿರ ತರತಕ್ಕದ್ದು ಅಂತಲೂ ಬಂತು. ಅವ್ವ ಕಾಗದ ಮಡಿಚಿ ಸೂರಿನ ಬೊಂಬಿಗೆ ಸಿಕ್ಕಿಸಿದಳು. ನಾನು ಮಂಡಿಗೆ ಹೋದೆ.

ಈಗ 'ಪ್ರತಿಭೆ' ಅನ್ನೋ ಮಾತಿಗೆ ಬರೋಣ. ಕೇಂದ್ರ ಸರ್ಕಾರ 2008ರಲ್ಲಿ ಇನ್‌ಸ್ಪೈರ್ ಅನ್ನೋ ಯೋಜನೆ ತಂದಾಗ ಅದರ ಶಿಬಿರಗಳಿಗೆ ಹತ್ತನೇ ತರಗತಿಯಲ್ಲಿ ಮೇಲಿನ ಶೇ. 1ರೊಳಗೆ ಬಂದವರನ್ನ ಕರೆಯಬೇಕು ಅಂತ ನಿಯಮ ಮಾಡಿತು. ಆ ಒಂದರೊಳಗೆ ಟ್ಯೂಷನ್ ಇಲ್ಲದ, ವಿಜ್ಞಾನದ ಮೇಷ್ಟ್ರು ವರ್ಗವಾಗಿ ಹೋದ ಶಾಲೆಯ ಮಕ್ಕಳು ಎಷ್ಟು ಜನ ಹೊಕ್ಕಾರು? ಬೇರೆ ದಾರಿಯೇ ಇಲ್ಲ ಅನ್ನಬೇಡಿ. ಇಸ್ರೋದವರು 2019ರಲ್ಲಿ ಒಂಬತ್ತನೇ ತರಗತಿಯವರಿಗೆ ಯುವಿಕಾ ಶುರುಮಾಡಿದರು. ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಅಂತಲೇ ಆಯ್ಕೆಯಲ್ಲಿ ಶೇ. 15 ಇಟ್ಟರು, ಮಗುವಿಗೆ ಮಾತ್ರ ಅಲ್ಲ, ಬಿಟ್ಟುಬರೋ ಅಪ್ಪನಿಗೋ ಅವ್ವನಿಗೋ ಸಹ ರೈಲು ಚಾರ್ಜು ಕೊಡ್ತೀವಿ ಅಂದರು. ಅಲ್ಲೂ ಆನ್‌ಲೈನ್ ಕ್ವಿಜ್ಜು, ಒಲಿಂಪಿಯಾಡು ಅಂತ ಮುಳ್ಳಿವೆ. ಆದರೂ ಬಡವನ ಮಗು ಒಂದೇ ಬರೋಕಾಗಲ್ಲ ಅಂತ ಯಾರೋ ಒಬ್ಬರಿಗೆ ಹೊಳೆದಿದೆಯಲ್ಲ.

ಮೇಘನಾದ ಸಹಾ 1893ರಲ್ಲಿ ಢಾಕಾ ಹತ್ತಿರದ ಹಳ್ಳಿಯಲ್ಲಿ ಪುಟ್ಟ ಅಂಗಡಿಯವನ ಮಗನಾಗಿ ಹುಟ್ಟಿದವರು. ಊರಾಚೆಯ ಶಾಲೆಗೆ ಸೇರೋಕೆ ಒಬ್ಬ ಡಾಕ್ಟರು ತಮ್ಮ ಮನೆಯಲ್ಲಿ ಇರಿಸಿಕೊಂಡು ಓದಿಸಿದ್ದರಿಂದ ಮುಂದಕ್ಕೆ ಬಂದರು. ಕಲ್ಕತ್ತೆಯ ಹಾಸ್ಟೆಲಿನಲ್ಲಿ ಮೇಲುಜಾತಿ ಹುಡುಗರು ಅವರ ಜೊತೆ ಕೂತು ಉಣ್ಣಲಿಲ್ಲ. ಅದೇ ಮನುಷ್ಯ 1920ರಲ್ಲಿ, ನಕ್ಷತ್ರದ ಬೆಳಕನ್ನ ಓದಿ ಅದರ ಬಿಸಿ ಎಷ್ಟು ಅಂತ ಹೇಳಬಲ್ಲ ಸಮೀಕರಣ ಕೊಟ್ಟರು. ಆ ಡಾಕ್ಟರು ಪ್ರಾಜೆಕ್ಟು ಕೇಳಲಿಲ್ಲ, ಠೇವಣಿ ಕೇಳಲಿಲ್ಲ. ಮಲಗೋಕೆ ಜಾಗ, ಅನ್ನ ಕೊಟ್ಟರು.

ಗೆಳೆಯರೇ, ಜಾಗ ಇಲ್ಲವೇ? ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳಿಗೆ ಬೇಸಿಗೆಯಲ್ಲಿ ಬೀಗ ಜಡಿದಿರುತ್ತೆ. ತಾಲ್ಲೂಕಿಗೊಂದು ಬೀಗ ತೆಗೀರಿ. ಮೈಸೂರು ಸಂಸ್ಥಾನ ಕೊಟ್ಟ 371 ಎಕರೆಯ ಮೇಲೆ 1909ರಲ್ಲಿ ಎದ್ದುನಿಂತ ವಿಜ್ಞಾನ ಸಂಸ್ಥೆಯಿಂದ ನಾಲ್ಕು ಜನ ಬಸ್ಸು ಹತ್ತಿ ಇಲ್ಲಿಗೆ ಬರಲಿ. ಕನ್ನಡದಲ್ಲಿ ಕೇಳಲಿ, ಕನ್ನಡದಲ್ಲಿ ಉತ್ತರ ತಗೊಳ್ಳಲಿ. ಬಂದ ಮಗುವಿಗೆ ದಿನದ ಕೂಲಿ ಕಟ್ಟಿಕೊಡಲಿ. ಇದು ಭಿಕ್ಷೆ ಅಲ್ಲ, ಆ ಸಂಸ್ಥಾನದ ಬೊಕ್ಕಸಕ್ಕೆ ನಮ್ಮ ಮುತ್ತಾತಂದಿರ ಬಿಟ್ಟಿ ಬೆವರೂ ಸೇರಿತ್ತು.

ಹುಡುಗಿಯ ಅರ್ಜಿಯಲ್ಲಿ ಜ್ವಾಲಾಮುಖಿ ಬರೆಯೋಕೆ ನಾನು ಬಿಡಲಿಲ್ಲ. ಕಾರ್ಬೈಡಿನ ಕತೆಯನ್ನೇ ಬರೆದಳು. ಇಂಗ್ಲಿಷಿನಲ್ಲಿ ಅಲ್ಲ, ಕನ್ನಡದಲ್ಲಿ. ಆ ಕಾಲಂ ಕನ್ನಡ ಅಕ್ಷರ ತಗೊಳ್ಳಲಿಲ್ಲ, ಬರೀ ಚೌಕಗಳು ಬಂದವು. ಕೈಯಲ್ಲಿ ಬರೆದ ಹಾಳೆಯನ್ನ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದ್ದೇವೆ. ರಸೀದಿ ನನ್ನ ಹತ್ತಿರ ಇದೆ.