ಫಾರಿನ್ ಟೂರ್ ಬೇಡ ಅನ್ಬೇಡಿ, ಯಾರು ಹೋಗ್ತಾರೆ ಅಂತ ಕೇಳಿ

1/8
"ಎಂಎಲ್ಎಗಳ ಫಾರಿನ್ ಟೂರ್" ಅಂತ ಸುದ್ದಿ ಬಂದ್ರೆ ಸಾಕು, ನಾವು ಮೀಮ್ ಮಾಡ್ತೀವಿ, ಸ್ಟೋರಿ ಹಾಕ್ತೀವಿ, ನಗ್ತೀವಿ, ಮರೀತೀವಿ. ಅವರು ಹೋಗ್ತಾರೆ, ಬರ್ತಾರೆ. ನಮ್ಮ ನಗುವಿಂದ ಒಂದು ಟಿಕೆಟ್ಟೂ ಕ್ಯಾನ್ಸಲ್ ಆಗಿಲ್ಲ.

ಅದಕ್ಕೇ ಈ ಸರಣಿ. ಟೂರ್ ನಿಲ್ಲಿಸಿ ಅಂತ ನಾನು ಹೇಳ್ತಿಲ್ಲ. ತಪ್ಪು ಜನ ಹೋಗ್ತಿದಾರೆ, ಹೋಗ್ಬೇಕಾದವರು ಇಲ್ಲೇ ಕೂತಿದಾರೆ ಅಂತ ಹೇಳ್ತಿದೀನಿ. ಕೊನೇವರೆಗೂ ಓದಿ, ಆಮೇಲೆ ಬೈರಿ.

2/8
ಮೊದಲು ಅಮೆರಿಕದವರು ಏನ್ಮಾಡ್ತಾರೆ ನೋಡಿ. ಅಲ್ಲಿನ ಸಂಸತ್ತಿನ ಕೆಳಮನೆಯ ಒಬ್ಬೊಬ್ಬ ಸದಸ್ಯನೂ 18 ಜನ ಪೂರ್ಣಾವಧಿ ಸಿಬ್ಬಂದಿಯನ್ನ ಇಟ್ಕೋಬಹುದು. ಮಸೂದೆ ಓದೋಕೆ, ಕರಡು ಬರೆಯೋಕೆ, ಪ್ರಶ್ನೆ ತಯಾರು ಮಾಡೋಕೆ ಅಂತಲೇ ಜನ ಇದಾರೆ. ಅವರಲ್ಲಿ ಬಹಳಷ್ಟು ಜನ ನಮಗಿಂತ ನಾಲ್ಕೈದು ವರ್ಷ ದೊಡ್ಡವರು, ಅಷ್ಟೇ. ಇದರ ಮೇಲೆ ಇಡೀ ಸಂಸತ್ತಿಗೆ 1914ರಿಂದ ಒಂದು ಸಂಶೋಧನಾ ವಿಭಾಗವೇ ಇದೆ.

ಏಷ್ಯಾದ ಸರ್ಕಾರಗಳು ಕರೆಸಿಕೊಳ್ಳೋದು ಈ ಸಿಬ್ಬಂದಿಯನ್ನ. 1961ರ ಒಂದು ಕಾನೂನಿನ ಪ್ರಕಾರ, ಒಪ್ಪಿಗೆ ಪಡೆದ ಕಾರ್ಯಕ್ರಮಗಳಿಗೆ ವಿದೇಶಿ ಸರ್ಕಾರದ ಖರ್ಚಲ್ಲೇ ಅವರು ಹೋಗಬಹುದು. 1979ರಲ್ಲಿ ಶುರುವಾದ ಯು.ಎಸ್.-ಏಷ್ಯಾ ಇನ್‌ಸ್ಟಿಟ್ಯೂಟ್ ಥರದ ಸಂಸ್ಥೆಗಳು ಇಂಥ ತಂಡಗಳನ್ನ ವರ್ಷಾನುಗಟ್ಟಲೆ ಕಳಿಸ್ತಾ ಬಂದಿವೆ.

ಆ ಚಿಕ್ಕ ವಯಸ್ಸಿನವರ ಮೇಲೆ ಯಾಕೆ ದುಡ್ಡು ಸುರೀತಾರೆ? ಭಾಷಣ ಮಾಡೋನು ಒಬ್ಬ, ಭಾಷಣ ಬರೆಯೋನು ಇನ್ನೊಬ್ಬ ಅಂತ ಅವರಿಗೆ ಗೊತ್ತು.

3/8
ಈಗ ನಮ್ಮ ಕಡೆ. ನಂಜನಗೂಡು, ಟಿ. ನರಸೀಪುರ, ಜೊತೆಗೆ ನಮ್ಮೆರಡೂ ತಾಲೂಕಿನ ಹಳ್ಳಿಗಳು ಸೇರಿರೋ ವರುಣಾ. ಮೂರು ಕ್ಷೇತ್ರ. 2023ರಲ್ಲಿ ಒಂದು ಕ್ಷೇತ್ರ ಮುಖ್ಯಮಂತ್ರಿಯನ್ನ ಕೊಟ್ಟಿತು, ಇನ್ನೊಂದು ಸಮಾಜ ಕಲ್ಯಾಣ ಸಚಿವರನ್ನ. ತೂಕ ಕಡಿಮೆ ಏನಿಲ್ಲ.

ಆದ್ರೆ ಕರ್ನಾಟಕದ ಯಾವುದೇ ಒಬ್ಬ ಸಾಮಾನ್ಯ ಶಾಸಕರ ಆಫೀಸಿಗೆ ಹೋಗಿ ನೋಡಿ, ಪಕ್ಷ ಯಾವುದಾದ್ರೂ ಆಗ್ಲಿ. ಒಬ್ಬರು ಪಿಎ ಇರ್ತಾರೆ. ಅವರ ಕೈಲಿ ವರ್ಗಾವಣೆ ಲೆಟರ್, ಮದುವೆ ಇನ್ವಿಟೇಷನ್, ಆಸ್ಪತ್ರೆಗೆ ಫೋನ್, ಹಾಸ್ಟೆಲ್ ಸೀಟು. ಪಾಪ, ಅವರು ಸುಮ್ನೆ ಕೂತಿರಲ್ಲ, ಬೆಳಗ್ಗೆಯಿಂದ ರಾತ್ರಿವರೆಗೂ ಓಡಾಡ್ತಾರೆ. ಆದ್ರೆ ನಾಳೆ ಸದನಕ್ಕೆ ಬರೋ ಮಸೂದೆಯನ್ನ ಕೂತು ಓದಿ, "ಸಾರ್, ಈ ಕಲಂನಲ್ಲಿ ನಮ್ಮ ರೈತರಿಗೆ ಹೊಡೆತ ಇದೆ" ಅಂತ ಹೇಳೋರು ಯಾರು?

2005ರಲ್ಲಿ ನಮ್ಮ ರಾಜ್ಯವೇ ಒಂದು ಕಾನೂನು ಮಾಡ್ಕೊಂಡಿದೆ: ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೀಬೇಕು. ಬಹುತೇಕ ವರ್ಷ ಅಷ್ಟು ನಡೆದೇ ಇಲ್ಲ. ಸಿಗೋ ದಿನವೇ ಕಡಿಮೆ, ಅದರಲ್ಲೂ ಓದಿ ತಯಾರು ಮಾಡಿಕೊಡೋ ಜನ ಇಲ್ಲ. ಗಲಾಟೆ ನಡುವೆ ಮಸೂದೆ ಪಾಸ್ ಆಗದೆ ಇನ್ನೇನಾಗುತ್ತೆ?

4/8
"ಅಮೆರಿಕ ಕಟ್ಕೊಂಡು ನಮಗೇನಪ್ಪ" ಅನ್ನೋರಿಗೆ.

ನಂಜನಗೂಡಿನ ಔಷಧ ಕಾರ್ಖಾನೆಗೆ ಅಮೆರಿಕದ ಎಫ್‌ಡಿಎ ಅಧಿಕಾರಿಗಳು ಪರಿಶೀಲನೆಗೆ ಬರ್ತಾರೆ. ಅವರ ವರದಿಯಲ್ಲಿ ಏನು ಬರುತ್ತೆ ಅನ್ನೋದರ ಮೇಲೆ ಇಲ್ಲಿನ ಶಿಫ್ಟು, ಇಲ್ಲಿನ ಸಂಬಳ ನಿಂತಿದೆ. 2025ರ ಆಗಸ್ಟಲ್ಲಿ ನಮ್ಮ ದೇಶದ ಬಹಳಷ್ಟು ಸರಕಿನ ಮೇಲೆ ಅಮೆರಿಕದ ಸುಂಕ 50 ಪರ್ಸೆಂಟಿಗೆ ಏರಿತು. ಮುಂದಿನ ತಿಂಗಳೇ ಹೊಸ ಎಚ್-1ಬಿ ವೀಸಾಗೆ 1 ಲಕ್ಷ ಡಾಲರ್ ಶುಲ್ಕ ಅಂದ್ರು. ನಮ್ಮ ಕ್ಲಾಸಲ್ಲಿ ಎಂಜಿನಿಯರಿಂಗ್ ಕನಸು ಕಟ್ಟಿರೋರು ಎಷ್ಟು ಜನ? ಕೈ ಎತ್ತಿ.

2025ರ ಜನವರಿ 17ಕ್ಕೆ ಬೆಂಗಳೂರಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆಯ್ತು. ಅಂದ್ರೆ ಅವರು ನಮ್ಮ ಬಾಗಿಲಿಗೆ ಬಂದು ಕೂತಿದಾರೆ. ಮಾತಾಡೋಕೆ ನಮ್ಮ ಕಡೆಯಿಂದ ತಯಾರಾಗಿ ಹೋಗೋರು ಯಾರು ಅನ್ನೋದೇ ಪ್ರಶ್ನೆ.

5/8
ಹೊರಗೆ ಹೋಗಿ ಕಲಿಯೋದು ಮೈಸೂರು ಸೀಮೆಗೆ ಹೊಸದಲ್ಲ ಕಣ್ರಪ್ಪ. ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನ್ ನೋಡಿ ಬಂದಿದ್ರು. ದಿವಾನರಾಗಿದ್ದು 1912ರಿಂದ 1918. ನೋಡಿದ್ದನ್ನ ಜೇಬಲ್ಲಿ ಇಟ್ಕೊಳ್ಳಲಿಲ್ಲ, ಕೈಗಾರಿಕೆ, ಬ್ಯಾಂಕು, ವಿಶ್ವವಿದ್ಯಾಲಯ ಕಟ್ಟೋಕೆ ಬಳಸಿದ್ರು.

1912ರಲ್ಲಿ ಶುರುವಾದ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆಗೆ ಮಗ್ಗ ಬಂದದ್ದು ಸ್ವಿಟ್ಜರ್ಲೆಂಡಿಂದ. ಆ ಮೈಸೂರು ಸಿಲ್ಕಿಗೆ ನೂಲು ತೆಗೆಯೋ ಸರ್ಕಾರಿ ಫಿಲೇಚರ್ ಇವತ್ತು ಎಲ್ಲಿದೆ? ನಮ್ಮ ನರಸೀಪುರದಲ್ಲಿ. ಹೊರಗಿನ ವಿದ್ಯೆ ನಮ್ಮೂರ ಕೂಲಿಯಾಗಿ, ನಮ್ಮೂರ ಸೀರೆಯಾಗಿ ನಿಲ್ಲೋದು ಅಂದ್ರೆ ಇದು. ಈಗಿನ ಟೂರ್‌ಗಳಿಂದ ನಮ್ಮೂರಿಗೆ ಏನು ಬಂದು ನಿಂತಿದೆ? ಏರ್‌ಪೋರ್ಟ್ ಹಾರದ ಫೋಟೋ ಬಿಟ್ಟು ಹೇಳಿ.

6/8
ಹಂಗಂತ ಅಮೆರಿಕದ ಮಾದರಿಯನ್ನ ಕಣ್ಣಿಗೊತ್ತಿಕೊಳ್ಳಿ ಅಂತಿಲ್ಲ. ಕರೆದವನು ಖರ್ಚು ಹಾಕಿದ್ರೆ ತನಗೆ ಬೇಕಾದ ಬೀದಿಯನ್ನೇ ತೋರಿಸ್ತಾನೆ. ಬೀಗರ ಮನೆಗೆ ಹೋದಾಗ ಹಿತ್ತಲು ತೋರಿಸ್ತಾರಾ? ಇದಕ್ಕೆ ಮದ್ದು ಒಂದೇ. ಹೋಗೋ ಮುಂಚೆ ಏನು ಕೇಳ್ತೀವಿ ಅಂತ ಬರೆದು ಪ್ರಕಟಿಸಬೇಕು. ಬಂದ ಮೇಲೆ ಏನು ಕಂಡ್ವಿ, ಯಾರು ದುಡ್ಡು ಕೊಟ್ರು ಅಂತ ಕನ್ನಡದಲ್ಲಿ ವರದಿ ಹಾಕಬೇಕು.

ಇನ್ನೊಂದು ಮಾತು. ವಿದೇಶಾಂಗ ಕೇಂದ್ರದ ವಿಷಯ, ನಿಜ. ಆದ್ರೆ 2025ರ ಜೂನಲ್ಲಿ ನಮ್ಮ ಐಟಿ-ಬಿಟಿ ಸಚಿವ ಪ್ರಿಯಾಂಕ್ ಖರ್ಗೆಯವರ ಅಮೆರಿಕ ಪ್ರವಾಸಕ್ಕೆ ಕೇಂದ್ರ ಮೊದಲು ಅನುಮತಿ ಕೊಡಲಿಲ್ಲ, ಅವರು ಪತ್ರ ಬರೆದು ಪ್ರಶ್ನಿಸಿದ ಮೇಲೆ ಕೊಟ್ಟಿತು. ಸಚಿವರಿಗೇ ಹಿಂಗಾದ್ರೆ ಒಬ್ಬ ಸಹಾಯಕನ ಫೈಲ್ ಎಷ್ಟು ದಿನ ಮಲಗಿರುತ್ತೆ? ಯಾವ ಪಕ್ಷ ಮೇಲಿದ್ರೂ, ಯಾವುದು ಕೆಳಗಿದ್ರೂ, ಈ ಅನುಮತಿಗೆ ಕಾರಣ ಮತ್ತು ಗಡುವು ಎರಡೂ ಇರ್ಬೇಕು.

7/8
ಹೊಟ್ಟೆ ಉರಿಯೋ ವಿಷಯ ಈಗ ಕೇಳಿ. ಕಾನೂನಿನ ಕರಡು ಬರೆಯೋದನ್ನ ಕಲಿಯೋಕೆ ಆಫ್ರಿಕಾ, ಏಷ್ಯಾದ ದೇಶಗಳ ಅಧಿಕಾರಿಗಳು ದಿಲ್ಲಿಗೇ ಬರ್ತಾರೆ. ನಮ್ಮ ಸಂಸತ್ತಿನ ತರಬೇತಿ ಸಂಸ್ಥೆ 'ಪ್ರೈಡ್' ಕಲಿಸುತ್ತೆ. ಅದು 1976ರಲ್ಲಿ ಬೇರೆ ಹೆಸರಲ್ಲಿ ಶುರುವಾದದ್ದು. ಬೇರೆ ದೇಶದವರಿಗೆ ಹೇಳಿಕೊಡೋ ವಿದ್ಯೆ ನಮ್ಮಲ್ಲಿದೆ, ನಂಜನಗೂಡಿನ ಡಿಗ್ರಿ ಹುಡುಗಿಗೆ ಇಂಥ ಕೆಲಸ ಒಂದಿದೆ ಅಂತಲೇ ಯಾರೂ ಹೇಳಿಲ್ಲ.

ಎಂಪಿಗಳ ಜೊತೆ ಒಂದು ವರ್ಷದ ಹತ್ತಿರ ಹತ್ತಿರ ಕೆಲಸ ಮಾಡೋಕೆ ಡಿಗ್ರಿ ಮುಗಿಸಿದ 25ರೊಳಗಿನವರಿಗೆ ಲ್ಯಾಂಪ್ ಫೆಲೋಶಿಪ್ ಇದೆ, ಪಿಆರ್‌ಎಸ್ ಸಂಸ್ಥೆ ನಡೆಸುತ್ತೆ. ಈಗಲೇ ಹುಡುಕಿ ನೋಡಿ. ಅಂಥದ್ದೇ ಒಂದನ್ನ ನಮ್ಮ 224 ವಿಧಾನಸಭಾ ಸದಸ್ಯರಿಗೂ ಕನ್ನಡದಲ್ಲಿ ಮಾಡಿದ್ರೆ ಏನು ಗಂಟು ಹೋಗುತ್ತೆ? ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳನ್ನ ಹೊರದೇಶಕ್ಕೆ ಓದೋಕೆ ಕಳಿಸೋ 'ಪ್ರಬುದ್ಧ' ಯೋಜನೆ ನಮ್ಮ ರಾಜ್ಯ ಮಾಡಿದೆ. ನಂಜನಗೂಡು, ನರಸೀಪುರ ಎರಡೂ ಮೀಸಲು ಕ್ಷೇತ್ರ. ಓದೋಕೆ ಕಳಿಸಿದ ಹಾಗೆ ಶಾಸನದ ಕೆಲಸ ಕಲಿಯೋಕೂ ಕಳಿಸಿ.

2025ರ ಆಗಸ್ಟಲ್ಲಿ ಬಾಸ್ಟನ್‌ನಲ್ಲಿ ನಡೆದ ಅಮೆರಿಕದ ರಾಜ್ಯ ಶಾಸಕಾಂಗಗಳ ಸಮ್ಮೇಳನಕ್ಕೆ ಭಾರತದಿಂದ ನೂರಕ್ಕೂ ಹೆಚ್ಚು ಶಾಸಕರು ಹೋಗಿದ್ರು. ಅದನ್ನ ನಡೆಸೋ ಸಂಸ್ಥೆ ಇರೋದು ಶಾಸಕರಿಗೂ ಹೌದು, ಅವರ ಸಿಬ್ಬಂದಿಗೂ ಹೌದು. ನಮ್ಮಲ್ಲಿ ಸುದ್ದಿಯಾದದ್ದು ಶಾಸಕರು ಮಾತ್ರ.

8/8
ಹಾಗಾದ್ರೆ ಬೇಕಾಗಿರೋದು ಇಷ್ಟು:
▪️ ಪ್ರತಿ ಶಾಸಕರಿಗೂ ಮಸೂದೆ ಓದೋಕೆ ಅಂತಲೇ ಒಬ್ಬ ಸಹಾಯಕ, ಪರೀಕ್ಷೆ ಮಾಡಿ ಆರಿಸಿದ್ದು. ಅಣ್ಣನ ಮಗ ಅಲ್ಲ.
▪️ ವಿದೇಶ ಪ್ರವಾಸದ ಪ್ರತಿ ತಂಡದಲ್ಲೂ ಅರ್ಧ ಸೀಟು ಸಿಬ್ಬಂದಿಗೆ.
▪️ ವಾಪಸ್ ಬಂದ ಮೇಲೆ ಕನ್ನಡದಲ್ಲಿ ವರದಿ. ಕೊಡದವರಿಗೆ ಮುಂದಿನ ಪ್ರವಾಸ ಇಲ್ಲ.

ನಿಮ್ಮ ಕೆಲಸ? ಆರ್‌ಟಿಐ ಹಾಕಿ. ಕರ್ನಾಟಕದಲ್ಲಿ ಫೀ 10 ರೂಪಾಯಿ. ಒಂದೇ ವಿಷಯ, 150 ಪದದೊಳಗೆ. ಇಲ್ಲಿನ ಒಂದೊಂದು ಭಾಗವೂ ಅದಕ್ಕಿಂತ ಕಡಿಮೆ ಪದದಲ್ಲೇ ಮುಗಿದಿದೆ, ನೀವೂ ಬರೀಬಹುದು. ವಿಧಾನಸಭೆ ಸಚಿವಾಲಯದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಕೇಳಿ: ಕಳೆದ ಐದು ವರ್ಷದಲ್ಲಿ ಅಧ್ಯಯನ ಪ್ರವಾಸಕ್ಕೆ ಯಾರ್ಯಾರು ಹೋದ್ರು, ಖರ್ಚೆಷ್ಟು, ವರದಿ ಎಲ್ಲಿ? ಉತ್ತರ ಕೊಡೋಕೆ 30 ದಿನ ಗಡುವು.

ಮೀಮ್ ಹಾಕಿದ್ರೆ 24 ಗಂಟೆಗೆ ಸ್ಟೋರಿ ಮಾಯ. ಅರ್ಜಿ ಹಾಕಿದ್ರೆ ಒಂದು ಫೈಲ್ ಏಳುತ್ತೆ. ಯಾರು ಹಾಕ್ತೀರೋ ಅವರ ಹೆಸರು ಕಾಮೆಂಟಲ್ಲಿ ಬರ್ಲಿ, ಕರಡು ಒಟ್ಟಿಗೆ ಕೂತು ಬರೆಯೋಣ.

#ನಂಜನಗೂಡು #ಟಿನರಸೀಪುರ #ವರುಣಾ #ವರದಿಎಲ್ಲಿ